ಲೊರೇನ್ ಗವರ್ನರ್ ಆದದ್ದು

ಲೊರೇನ್ ಹೇವರ್ತ್, ಹಿಟ್ಟಿನೊಳಗೆ ಮಾಂಸ ತುಂಬಿ ಬೇಯಿಸುವ ಪೈಗಳ ಅಂಗಡಿಯ ಕೌಂಟರಿನ ಹಿಂದೆ ಮೂವತ್ತೊಂದು ವರ್ಷ ನಿಂತವಳು. ಲ್ಯಾಂಕಶೈರಿನ ಆ ಊರಲ್ಲಿ ಬಟ್ಟೆ ಗಿರಣಿಗಳೆಲ್ಲ ಮುಚ್ಚಿದ ಮೇಲೂ ಮುಚ್ಚದೆ ಉಳಿದದ್ದು ಪೈ ಅಂಗಡಿಗಳು ಮತ್ತು ಜನರ ಬಾಯಿ. ಬಂದವರೆಲ್ಲ ಅವಳಿಗೆ 'ಚಿನ್ನ'. ಪೊಲೀಸಿನವನೂ ಚಿನ್ನ, ಪಾದ್ರಿಯೂ ಚಿನ್ನ, ಮುಖ ಗಂಟಿಕ್ಕಿಕೊಂಡು ಬರುವ ವಕೀಲನೂ ಚಿನ್ನ. ಕೌಂಟರಿನಲ್ಲಿ ನಿಂತವರು ಅಷ್ಟು ಮರ್ಯಾದೆ ಕೊಡದಿದ್ದರೆ ಆ ಊರಲ್ಲಿ ಅದು ಬೈಗುಳಕ್ಕೆ ಸಮ. ಹದಿನಾಲ್ಕು ವರ್ಷ ಅವಳು ಒಬ್ಬನನ್ನು ಮಾತ್ರ ಹಾಗೆ ಕರೆಯಲಿಲ್ಲ. ಅವನು ವಿಲ್ಫ್ ಎಂಟ್ವಿಸಲ್, ಕೆಲಸದಿಂದ ನಿವೃತ್ತನಾದ ಅಂಚೆಯವನು.

ಕಾರಣವಿತ್ತು. ಲೊರೇನಳ ಮಗ ಕ್ರೇಗ್ ಹತ್ತು ವರ್ಷದವನಿದ್ದಾಗ ತರಗತಿಯಲ್ಲಿ ಕುರ್ಚಿ ಎಸೆದ. ಅದು ಮೇಷ್ಟ್ರಿಗೆ ತಗಲಿತು. ಮುಖ್ಯೋಪಾಧ್ಯಾಯರು ಅವನನ್ನು ಶಾಲೆಯಿಂದಲೇ ತೆಗೆದರು. ಅದು ಸರಿಯೋ ತಪ್ಪೋ ಎಂದು ನೋಡಲು ಶಾಲೆಯ ಗವರ್ನರುಗಳಲ್ಲಿ, ಅಂದರೆ ಊರಿನವರೇ ಇರುವ ಆಡಳಿತ ಮಂಡಳಿಯ ಸದಸ್ಯರಲ್ಲಿ, ಮೂವರು ಕೂತರು, ಸರಿ ಎಂದರು. ಮೂವರಲ್ಲಿ ವಿಲ್ಫ್ ಒಬ್ಬ. ಮುಂದಿನ ಶುಕ್ರವಾರ ಅವನು ಪೈ ಕೊಳ್ಳಲು ಬಂದ.

"ನೀನೂ ಒಪ್ಪಿದ್ಯಾ, ವಿಲ್ಫ್?" ಎಂದು ಲೊರೇನ್ ಕೇಳಿದಳು.

ವಿಲ್ಫ್ ಗಾಜಿನೊಳಗಿನ ಪೈಗಳನ್ನೇ ನೋಡುತ್ತ, "ಸಮಿತಿ ತೀರ್ಮಾನ ಮಾಡ್ತು, ಲೊರೇನ್. ನಾನಿನ್ನೇನೂ ಹೇಳೋ ಹಾಗಿಲ್ಲ" ಎಂದ.

"ಹೇಳೋ ಹಾಗಿಲ್ವೋ, ಹೇಳೋಕೆ ಮುಖ ಇಲ್ವೋ?"

ಅವನು ಪೈ ತೆಗೆದುಕೊಂಡು ಹೊರಟ. ಅಂದಿನಿಂದ ತಟ್ಟೆಯಲ್ಲಿ ಎಲ್ಲಕ್ಕಿಂತ ಸಣ್ಣದು, ಅಂಚು ಸೀದದ್ದು ವಿಲ್ಫ್‌ಗೆ. ಚಿಲ್ಲರೆಯನ್ನು ಕೈಗೆ ಕೊಡುತ್ತಿರಲಿಲ್ಲ, ಕೌಂಟರಿನ ಮೇಲೆ ಸರಿಸುತ್ತಿದ್ದಳು. ಅವನು ಥ್ಯಾಂಕ್ಸ್ ಹೇಳಿ ಹೋಗುತ್ತಿದ್ದ, ಮುಂದಿನ ಶುಕ್ರವಾರ ಮತ್ತೆ ಬರುತ್ತಿದ್ದ. ಸಾಯುವವರೆಗೂ ಬಂದ.

ಕ್ರೇಗ್ ಎರಡು ಬಸ್ಸು ಬದಲಿಸಿ ಹೋಗಬೇಕಾದ ಬೇರೆ ಶಾಲೆಗೆ ಹೋದ, ಹದಿನಾಲ್ಕಕ್ಕೆ ಅದನ್ನೂ ಬಿಟ್ಟ. ಈಗ ಪ್ರೆಸ್ಟನ್ನಿನ ಗೋದಾಮಿನಲ್ಲಿ ಪೆಟ್ಟಿಗೆ ಎತ್ತುತ್ತಾನೆ. ಕ್ರಿಸ್‌ಮಸ್ಸಿಗೆ ಒಂದು ಕಾರ್ಡು ಬರುತ್ತದೆ, ಒಳಗೆ ಅವನ ಹೆಸರು ಬಿಟ್ಟು ಬೇರೆ ಅಕ್ಷರವಿಲ್ಲ. ಲೊರೇನ್ ಅದಕ್ಕಾಗಿ ಅತ್ತವಳಲ್ಲ. ಅಳು ಬರುವ ಜಾಗ ಅವಳಲ್ಲಿ ಯಾವಾಗಲೋ ಮರಗಟ್ಟಿ ಹೋಗಿತ್ತು.

ಅವಳಿಗೆ ಅರವತ್ತಾದ ವರ್ಷ ಅದೇ ಶಾಲೆಯವರು ಅಂಗಡಿಯ ಕಿಟಕಿಗೆ ಒಂದು ಚೀಟಿ ಅಂಟಿಸಲು ಕೊಟ್ಟರು. ಗವರ್ನರುಗಳು ಬೇಕಾಗಿದ್ದಾರೆ, ಊರಿನ ಯಾರು ಬೇಕಾದರೂ ಅರ್ಜಿ ಹಾಕಬಹುದು. ಸಂಬಳವಿಲ್ಲ. ತಿಂಗಳಿಗೆ ಒಂದೆರಡು ಸಂಜೆ, ಚಹಾ, ಬಿಸ್ಕತ್ತು, ಕಾಗದದ ರಾಶಿ. ಲೊರೇನ್ ಮೂರು ದಿನ ಒಳಗಿನಿಂದ ಆ ಚೀಟಿಯ ಬೆನ್ನು ನೋಡಿದಳು, ನಾಲ್ಕನೆಯ ದಿನ ಅರ್ಜಿ ತರಿಸಿಕೊಂಡಳು. 'ನೀವು ಏಕೆ ಸೇರಬಯಸುತ್ತೀರಿ' ಎಂಬುದರ ಕೆಳಗೆ ಅರ್ಧ ಪುಟ ಖಾಲಿ ಬಿಟ್ಟಿದ್ದರು. ಅವಳು ಬರೆದದ್ದು ಒಂದೇ ಸಾಲು: ಯಾವ ಮಗುವನ್ನೂ ಶಾಲೆಯಿಂದ ಹೊರಗೆ ಹಾಕಬಾರದು.

ಮಂಡಳಿಯ ಅಧ್ಯಕ್ಷೆ ಹಿಲರಿ ನಟಾಲ್ ಅವಳನ್ನು ಕರೆಸಿದಳು. ಬ್ಯಾಂಕು ನಡೆಸಿ ನಿವೃತ್ತಳಾದ ಹೆಂಗಸು, ನೇರ ಮಾತು.

"ಜನ ಎರಡು ಪುಟ ಕೊರೀತಾರಮ್ಮ. ನೀನು ಒಂದೇ ಸಾಲಲ್ಲಿ ಯುದ್ಧ ಸಾರಿದೀಯಲ್ಲ."

"ಎರಡನೇ ಸಾಲು ಇರ್ಲಿಲ್ಲ."

ಹಿಲರಿ ಬಿಸ್ಕತ್ತಿನ ತಟ್ಟೆ ಅವಳತ್ತ ತಳ್ಳಿದಳು. "ಕ್ರೇಗ್ ವಿಷಯ ನಂಗೊತ್ತು. ನಿನ್ನ ಅಭಿಪ್ರಾಯ ಮನೇಲಿಟ್ಟು ಬಾ ಅಂತ ನಾನು ಹೇಳಲ್ಲ. ಒಳಗೆ ಮೇಜು ಕುಟ್ಟಿ ಜಗಳಾಡು. ಆದ್ರೆ ಬಹುಮತ ಯಾವ ಕಡೆ ಬಿತ್ತೋ ಅದು ಎಲ್ಲರ ತೀರ್ಮಾನ. ಯಾರು ಯಾವ ಕಡೆ ಇದ್ರು ಅಂತ ಹೊರಗೆ ಉಸಿರೆತ್ತೋ ಹಾಗಿಲ್ಲ. ಗಂಡನ ಹತ್ರಾನೂ."

"ಗಂಡ ಬಿಟ್ಟುಹೋಗಿ ಇಪ್ಪತ್ತು ವರ್ಷ ಆಯ್ತು, ಚಿನ್ನ."

"ಹಾಗಾದ್ರೆ ಅರ್ಧ ಕಷ್ಟ ಕಳೀತು. ಮಾತು ಕೊಡ್ತೀಯಾ?"

"ಕೊಡ್ತೀನಿ" ಎಂದಳು ಲೊರೇನ್. ಜಗಳಾಡಬಹುದು ಎಂಬುದಷ್ಟೇ ಅವಳ ಕಿವಿಗೆ ಬಿದ್ದಿತ್ತು. ಆ ಹೊತ್ತಿನಲ್ಲಿ ವಿಲ್ಫ್ ನೆನಪಾಗಬೇಕಿತ್ತು, ಆಗಲಿಲ್ಲ.

ಫೆಬ್ರವರಿಯಲ್ಲಿ ಡೆಕ್ಲನ್ ಎಂಬ ಒಂಬತ್ತರ ಹುಡುಗ ಇನ್ನೊಬ್ಬ ಹುಡುಗನ ಕೈ ಮುರಿದ. ಅವನನ್ನೂ ಶಾಲೆಯಿಂದ ತೆಗೆದರು. ವಿಚಾರಣೆಗೆ ಕೂತ ಮೂವರು ಹಿಲರಿ, ಒಬ್ಬ ದಂತವೈದ್ಯ, ಲೊರೇನ್. ಎದುರಿಗೆ ಹುಡುಗನ ತಾಯಿ ಕರ್ಸ್ಟಿ, ಆಫೀಸುಗಳ ಕಸ ಗುಡಿಸುವವಳು, ಕೆಲಸದ ಅಂಗಿಯಲ್ಲೇ ಬಂದಿದ್ದಳು. ಲೊರೇನಳನ್ನು ಕಂಡು ಅವಳ ಭುಜ ಸ್ವಲ್ಪ ಇಳಿಯಿತು. ತನ್ನವಳೊಬ್ಬಳು ಮೇಜಿನ ಆಚೆಗಿದ್ದಾಳೆ ಅನ್ನಿಸಿರಬೇಕು.

ಅವಳನ್ನು ಹೊರಗೆ ಕಳಿಸಿದ ಮೇಲೆ ಲೊರೇನ್ ನಲವತ್ತು ನಿಮಿಷ ಮಾತಾಡಿದಳು. ಹತ್ತೊಂಬತ್ತು ವರ್ಷ ಒಳಗಿಟ್ಟುಕೊಂಡದ್ದನ್ನೆಲ್ಲ ಹೇಳಿದಳು, ಮೇಜನ್ನೂ ಕುಟ್ಟಿದಳು. ದಂತವೈದ್ಯ ಎಲ್ಲವನ್ನೂ ತಾಳ್ಮೆಯಿಂದ ಕೇಳಿ, ಕೈ ಮುರಿದುಕೊಂಡ ಹುಡುಗನಿಗೂ ಒಬ್ಬಳು ತಾಯಿ ಇದ್ದಾಳೆ ಎಂದ. ಇಬ್ಬರು ಆ ಕಡೆ, ಇವಳೊಬ್ಬಳು ಈ ಕಡೆ. ಕರ್ಸ್ಟಿಗೆ ಹೋಗುವ ಕಾಗದಕ್ಕೆ ಹಿಲರಿ ಸಹಿ ಹಾಕಿದಳು, ಕೆಳಗೆ ಮೂವರ ಹೆಸರೂ ಇದ್ದವು. ಲೊರೇನ್ ಕೋಟು ತೊಟ್ಟು ಮನೆಗೆ ನಡೆದಳು. ಸಿಟ್ಟೂ ಇರಲಿಲ್ಲ, ದುಃಖವೂ ಇರಲಿಲ್ಲ.

ಶುಕ್ರವಾರ ಮಧ್ಯಾಹ್ನ ಅಂಗಡಿಯ ಬಾಗಿಲವರೆಗೂ ಸಾಲು. ಕರ್ಸ್ಟಿಯ ಸರದಿ ಬಂತು. ಲೊರೇನ್ ದೊಡ್ಡ ಪೈಯನ್ನೇ ಆರಿಸಿ ಕಾಗದದಲ್ಲಿ ಸುತ್ತಿದಳು.

"ನೀನೂ ಒಪ್ಪಿದ್ಯಾ, ಲೊರೇನ್?"

ಸಾಲಿನಲ್ಲಿದ್ದವರೆಲ್ಲ ಇತ್ತ ತಿರುಗಿದರು. ಇಲ್ಲ ಎಂದರೆ ಮುಗಿಯುತ್ತಿತ್ತು. ಆ ಮಾತು ಸಂಜೆಯೊಳಗೆ ಹಿಲರಿಯ ಕಿವಿಗೆ ಬೀಳುತ್ತಿತ್ತು. ಆಮೇಲೆ ಇನ್ನೊಬ್ಬ ಹುಡುಗನ ಸರದಿ ಬಂದಾಗ ಆ ಮೇಜಿನ ಮುಂದೆ ಅವಳು ಇರುತ್ತಿರಲಿಲ್ಲ.

"ಸಮಿತಿ ತೀರ್ಮಾನ ಮಾಡ್ತು, ಚಿನ್ನ. ನಾನಿನ್ನೇನೂ ಹೇಳೋ ಹಾಗಿಲ್ಲ."

ಹೇಳಿದ ಮೇಲೆ ಆ ಮಾತು ಯಾರದೆಂದು ಅವಳಿಗೆ ತಿಳಿಯಿತು.

"ನನ್ನನ್ನ ಚಿನ್ನ ಅನ್ಬೇಡ" ಎಂದಳು ಕರ್ಸ್ಟಿ. ಪೈ ಕೌಂಟರಿನ ಮೇಲೇ ಉಳಿಯಿತು.

ವಿಲ್ಫ್ ಅಂದು ಯಾವ ಕಡೆಗಿದ್ದ? ಅದನ್ನು ಯಾರೂ ಎಲ್ಲೂ ಬರೆದಿಡಲಿಲ್ಲ, ಕೇಳೋಣವೆಂದರೆ ಅವನು ಹೋಗಿ ಐದು ವರ್ಷ. ಲೊರೇನಳಿಗೆ ಗೊತ್ತಿದ್ದದ್ದು ಇಷ್ಟೇ: ಅವನ ಮನೆ ಇದ್ದದ್ದು ಗುಡ್ಡದ ಬುಡದಲ್ಲಿ, ಮನೆಯ ಪಕ್ಕದಲ್ಲೇ ಇನ್ನೊಂದು ಪೈ ಅಂಗಡಿ, ನಿಜ ಹೇಳಬೇಕೆಂದರೆ ಅಲ್ಲಿನ ಪೈ ಇದಕ್ಕಿಂತ ರುಚಿ. ಅದನ್ನು ದಾಟಿ, ಕೆಟ್ಟ ಮಂಡಿಯಲ್ಲಿ ಗುಡ್ಡ ಹತ್ತಿ, ಹದಿನಾಲ್ಕು ವರ್ಷ ಅವನು ಸೀದ ಪೈ ತಿನ್ನಲು ಬಂದಿದ್ದ. ಯಾಕೆಂದು ಅವಳು ಒಮ್ಮೆಯೂ ಯೋಚಿಸಿರಲಿಲ್ಲ.

ಸಾಲಿನಲ್ಲಿ ಯಾರೋ ಕೆಮ್ಮಿದರು.

"ಏನ್ ಬೇಕು?" ಎಂದಳು ಲೊರೇನ್. ಚಿನ್ನ ಎನ್ನಲು ಬಾಯಿ ಬರಲಿಲ್ಲ.