ಗಿಡುಗದ ಹೆಗಲು

ನಮ್ಮ ಭಾವನ ಬಗ್ಗೆ ಒಂದೇ ಒಂದು ಒಳ್ಳೆಯ ಮಾತು ಹೇಳಿ ಎಂದು ಹೋದ ವರ್ಷ ಯಾರಾದರೂ ಕೇಳಿದ್ದರೆ, ನಾನು ಸುತ್ತಿಗೆ ಕೆಳಗಿಟ್ಟು ಎದ್ದು ಹೋಗುತ್ತಿದ್ದೆ. ಅಕ್ಕನ ಗಂಡ, ನಿಜ. ಕುಡಿಯುವವರಲ್ಲ, ಹೊಡೆಯುವವರಲ್ಲ, ಅದೂ ನಿಜ. ಆದರೆ ಮಾತಾಡಬೇಕಲ್ಲ! ಹೂಂ, ಊಹೂಂ, ಇವೆರಡರಲ್ಲೇ ಮೂವತ್ತು ವರ್ಷ ಸಂಸಾರ ಮಾಡಿದ ಮನುಷ್ಯ ಅವರು. ಸಂಜೆ ಮನೆಗೆ ಬಂದವರನ್ನು ಅಕ್ಕ "ಇವತ್ತು ಏನ್ ಮಾಡಿದ್ರಿ?" ಎಂದರೆ "ಕೆರೆದೆ" ಎನ್ನುತ್ತಿದ್ದರು. ಮರುದಿನ ಕೇಳಿದರೂ "ಕೆರೆದೆ". ಅಕ್ಕ ಕೇಳುವುದನ್ನೇ ಬಿಟ್ಟಳು.

ಅವರದು ಕಾರು ಕಾರ್ಖಾನೆಯಲ್ಲಿ ಮಣ್ಣಿನ ಕೆಲಸ. ಹೊಸ ಕಾರು ತಗಡಿನಲ್ಲಿ ಬರುವ ಮೊದಲು ಅದನ್ನು ಪೂರ್ತಿ ಅಳತೆಯಲ್ಲಿ ಮಣ್ಣಿನಲ್ಲಿ ಮಾಡುತ್ತಾರೆ. ಒಲೆಯಲ್ಲಿ ಬೆಚ್ಚಗೆ ಮಾಡಿದ ಕಂದು ಮಣ್ಣನ್ನು ಮೆತ್ತಿ, ಉಕ್ಕಿನ ಅಲಗಿನಿಂದ ಕೆರೆದು, ಅಂಗೈ ಆಡಿಸಿ, ಮತ್ತೆ ಕೆರೆದು, ದೊಡ್ಡವರು ಬಂದು ತಲೆ ಆಡಿಸುವ ತನಕ ಕೆರೆಯುತ್ತಲೇ ಇರಬೇಕು. ಬೀಗ ಹಾಕಿದ ಕೋಣೆ, ಕಿಟಕಿ ಇಲ್ಲ, ಒಳಗೆ ಹೋಗುವಾಗ ಫೋನು ಬಾಗಿಲಲ್ಲೇ ಇಡಬೇಕು. ಒಂದು ಗೆರೆ ಹೊರಗೆ ಗೊತ್ತಾದರೂ ನೌಕರಿ ಇಲ್ಲ, ಪಿಂಚಣಿ ಇಲ್ಲ, ಕಾರ್ಖಾನೆ ಕೊಟ್ಟ ಮನೆಯನ್ನೂ ಖಾಲಿ ಮಾಡಬೇಕು ಎಂದು ಕಾಗದಕ್ಕೆ ಸಹಿ ಹಾಕಿಸಿಕೊಂಡಿದ್ದರು. ಸುಮ್ಮನೆ ಹೆದರಿಸಲು ಬರೆದದ್ದಲ್ಲ ಅದು. ಅವರ ಜೊತೆಯವನೊಬ್ಬ ಹೆಂಡತಿಗೆ ತೋರಿಸಲೆಂದು ಹೋಟೆಲಿನ ಕಾಗದದ ಮೇಲೆ ಒಂದು ದೀಪದ ಆಕಾರ ಗೀಚಿದ. ಇಪ್ಪತ್ತು ವರ್ಷದ ಸೇವೆ ಆ ವಾರವೇ ಮುಗಿಯಿತು. ಕೈ ಕೆಸರಾದರೆ ಬಾಯಿ ಮೊಸರು ಅನ್ನುತ್ತಾರೆ. ನಮ್ಮ ಭಾವನಿಗೆ ಕೈ ಕೆಸರಾಗಿ ಬಾಯಿಗೆ ಬೀಗ ಬಿತ್ತು.

ನನ್ನ ಸಿಟ್ಟು ಇದಕ್ಕಿಂತ ಹಳೆಯದು. ಅದನ್ನೂ ಹೇಳಿಬಿಡುತ್ತೇನೆ, ಮುಚ್ಚುಮರೆ ಯಾಕೆ. ನಾವಿಬ್ಬರೂ ತರಬೇತಿ ಶಾಲೆಯಲ್ಲಿ ಒಂದೇ ಬೆಂಚಿನವರು. ಕಾರ್ಖಾನೆಯವರು ಆಳು ಆರಿಸಲು ಬಂದಾಗ ಕಾರಿನ ಬಾಗಿಲೊಂದನ್ನು ಮೇಜಿನ ಮೇಲೆ ಮಲಗಿಸಿ, ತೆಳುವಾದ ಬಟ್ಟೆ ಹೊದಿಸಿ, ನಮ್ಮ ಕಣ್ಣು ಕಟ್ಟಿದರು. ಎಷ್ಟು ಕಡೆ ತಗ್ಗಿದೆ ಎಂದು ಅಂಗೈಯಲ್ಲೇ ಹೇಳಬೇಕು. ಅವನು ಮೂರು ಅಂದ. ನಾನು ನಾಲ್ಕು ಅಂದೆ. ಅವರು ಬೇಕೆಂದೇ ಮಾಡಿಟ್ಟಿದ್ದ ತಗ್ಗುಗಳು ಮೂರು. ನಾನು ಬಾಯಿ ಮುಚ್ಚಿಕೊಂಡು ಬಂದಿದ್ದರೆ ಆಗುತ್ತಿತ್ತು. "ನಾಲ್ಕನೇದು ನಿಮಗೇ ಗೊತ್ತಿಲ್ಲ ಸಾರ್, ಹಿಡಿಕೆ ಕೆಳಗಿದೆ" ಎಂದು ವಾದಕ್ಕೆ ನಿಂತೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಬಂದವರೆಲ್ಲ ನಕ್ಕರು. ಅವನನ್ನು ಕರೆದುಕೊಂಡು ಹೋದರು. ಎರಡು ವರ್ಷಕ್ಕೆ ಅವನೇ ಅಕ್ಕನನ್ನು ಮದುವೆಯಾದ, ಅದುವರೆಗೂ 'ಲೇ' ಅನ್ನುತ್ತಿದ್ದವನನ್ನು ನಾನು 'ಭಾವ, ನೀವು' ಅನ್ನಬೇಕಾಯಿತು. ನಾನು ಟಿಂಕರಿಂಗ್ ಶೆಡ್ ಹಾಕಿಕೊಂಡು, ಜಜ್ಜಿಹೋದ ಕಾರುಗಳ ತಗಡು ಬಡಿಯುತ್ತಾ ಕೂತೆ.

ಆ ಕಾರ್ಖಾನೆಯ ಕಾರುಗಳಲ್ಲಿ ಒಂದು ಮಾತ್ರ ನನ್ನ ಪ್ರಾಣ. ಎರಡು ಸೀಟಿನ, ನೆಲಕ್ಕೆ ಅಂಟಿದಂತೆ ಓಡುವ ಸ್ಪೋರ್ಟ್ಸ್ ಕಾರು. ನಮ್ಮ ಕಸುಬಿನವರೆಲ್ಲ ಅದನ್ನು ಗಿಡುಗ ಅನ್ನುತ್ತಾರೆ. ಹಿಂದಿನ ಚಕ್ರದ ಮೇಲೆ ತಗಡು ಉಬ್ಬಿ ಬಾಲದ ದೀಪದ ಕಡೆಗೆ ಇಳಿಯುತ್ತದಲ್ಲ, ಅದಕ್ಕೆ ಹೆಗಲು ಎಂದು ಹೆಸರು. ನಲವತ್ತು ವರ್ಷದಲ್ಲಿ ದೀಪ ಬದಲಾಯಿತು, ಮೂತಿ ಬದಲಾಯಿತು, ಹೆಗಲನ್ನು ಯಾರೂ ಮುಟ್ಟಿರಲಿಲ್ಲ. ಈಗ ಅದನ್ನೂ ಬದಲಾಯಿಸುತ್ತಾರಂತೆ ಎಂದು ಸುದ್ದಿ ಹಬ್ಬಿದ್ದೇ ತಡ, ಭಾನುವಾರದ ಹೊತ್ತು ನನ್ನ ಶೆಡ್ಡು ಸಂತೆಯಾಯಿತು.

ಸಂತೆಯ ಯಜಮಾನ ಫೋಟೋದವನು. ಕಾರಿನ ಪತ್ರಿಕೆಗೆ ಕದ್ದು ಫೋಟೋ ತೆಗೆಯುವುದು ಅವನ ಕಸುಬು. ಮುಸುಕು ಹೊದಿಸಿ ಓಡಿಸುವ ಹೊಸ ಕಾರನ್ನು ಬೇಲಿ ಸಂದಿಯಿಂದ ಹೊಡೆದು, ಮುಸುಕಿನ ಒಳಗೆ ಏನಿರಬಹುದು ಎಂದು ಚಿತ್ರ ಬರೆಸಿ ಹಾಕುತ್ತಿದ್ದ. ವಾರಕ್ಕೊಂದು ಊಹೆ, ಒಂದಕ್ಕಿಂತ ಒಂದು ದರಿದ್ರ. ಅವನ್ನೆಲ್ಲ ತಂದು ನನ್ನ ಬೆಂಚಿನ ಮೇಲೆ ಹರಡಿ, ರಜೆಯ ದಿನ ಶೆಡ್ಡಿಗೆ ಬಂದು ಸ್ಟೂಲಿನ ಮೇಲೆ ಕೂತುಬಿಡುವ ಭಾವನ ಮುಖವನ್ನೇ ನೋಡುತ್ತಿದ್ದ. ಯಾವ ಚಿತ್ರಕ್ಕೆ ಆ ಮುಖ ಅಲುಗುತ್ತದೆ ಎನ್ನುವುದೊಂದೇ ಅವನಿಗೆ ಬೇಕಾಗಿದ್ದು. ಭಾವ ತುಟಿ ಪಿಟಕ್ಕೆನ್ನುತ್ತಿರಲಿಲ್ಲ. ನಾನು ಸುಮ್ಮನಿರುತ್ತಿದ್ದೆನೇ? ಭಾವನಿಗೆ ಕೇಳಲಿ ಎಂದೇ ಕಾರ್ಖಾನೆಯವರ ಏಳೇಳು ತಲೆಮಾರಿಗೂ ಬೈಯುತ್ತಿದ್ದೆ.

ಆ ಭಾನುವಾರ ಹಲ್ಲಿನ ಡಾಕ್ಟರಮ್ಮನ ಹಳೆಯ ಗಿಡುಗ ನನ್ನ ಶೆಡ್ಡಿನಲ್ಲಿತ್ತು. ರಿವರ್ಸ್ ತೆಗೆಯುವಾಗ ಗೇಟಿನ ಕಂಬಕ್ಕೆ ಗುದ್ದಿ ಎಡಗಡೆಯ ಹೆಗಲು ಒಳಗೆ ಹೋಗಿತ್ತು. ಬಡಿದು ಬಡಿದು ಮೇಲೆ ತಂದಿದ್ದೆ. ಇನ್ನು ಏರುತಗ್ಗು ಮುಚ್ಚಲು ತೆಳುವಾಗಿ ಪುಟ್ಟಿ ಎಳೆದರೆ ಆಯಿತು ಅನ್ನುವಾಗ ಸುತ್ತಿಗೆ ಬಲಗೈ ಹೆಬ್ಬೆರಳಿಗೇ ಬಿತ್ತು. ಬೆರಳಿಗೆ ಬಟ್ಟೆ ಸುತ್ತಿಕೊಂಡು, ನೋವಿನ ಸಿಟ್ಟನ್ನೆಲ್ಲ ಸ್ಟೂಲಿನ ಕಡೆ ತಿರುಗಿಸಿದೆ.

"ಭಾವ, ಮಣ್ಣು ಕೆರೆಯೋ ಕೈ ಪುಟ್ಟಿಗೂ ಆಗುತ್ತೋ, ಇಲ್ಲಾ ಅದಕ್ಕೂ ಮೇಲಿನವರ ಅಪ್ಪಣೆ ಬೇಕೋ?"

ಭಾವ ಎದ್ದು ಬಂದು ಅಂಗಿಯ ತೋಳು ಮಡಚಿದರು. ಪುಟ್ಟಿಗೆ ಗಟ್ಟಿ ಮಾಡುವ ಕೆಂಪು ಪೇಸ್ಟು ಕಲೆಸಿದ ಮೇಲೆ ಐದು ನಿಮಿಷ, ಆಮೇಲೆ ಕಲ್ಲು. ಯೋಚನೆ ಮಾಡುತ್ತಾ ನಿಲ್ಲಲು ಪುರುಸೊತ್ತಿಲ್ಲದ ಕೆಲಸ ಅದು. ಫೋಟೋದವನು ಆ ವಾರದ ಚಿತ್ರ ಎತ್ತಿ ಹಿಡಿದ. ಹೆಗಲೇ ಇಲ್ಲ, ಡಬ್ಬ ಮಡಚಿದ ಹಾಗೆ ಚೂಪಾದ ಒಂದು ಮಡಿಕೆ.

"ಇದೇ ಬರೋದಂತೆ, ಒಳಗಿನವರೇ ಹೇಳಿದ್ರು" ಎಂದ ಅವನು, ಭಾವನ ಬೆನ್ನು ನೋಡುತ್ತಾ.

"ಇದನ್ನ ಮಾಡಿದವನ ಕೈಗೆ ಹುಳ ಬೀಳ!" ಎಂದೆ ನಾನು. "ಅನ್ನ ತಿನ್ನೋ ಕೈಯೇನ್ರೀ ಅದು?"

ಭಾವನ ಕಿವಿ ಕೆಂಪಾಯಿತು. ಕೈ ಮಾತ್ರ ಓಡುತ್ತಿತ್ತು. ಬಾಗಿಲಿನಿಂದ ಶುರು ಮಾಡಿ ದೀಪದ ತನಕ, ಒಂದೇ ಉಸಿರಿಗೆ ಎಳೆದಂತೆ. ಚೆನ್ನಾಗಿ ಚುಚ್ಚಿದೆ ಎಂದು ನನಗೆ ಒಳಗೊಳಗೇ ಖುಷಿ. ಫೋಟೋದವನು ಬೇಸತ್ತು ಎದುರಿನ ಅಂಗಡಿಗೆ ಟೀ ಕುಡಿಯಲು ಹೋದ. ಪುಟ್ಟಿ ಗಟ್ಟಿಯಾಗುತ್ತಿದ್ದಂತೆ ಭಾವ ಕೈ ತೊಳೆಯಲು ಹಿಂದಿನ ನಲ್ಲಿಗೆ ಹೋದರು.

ತಪ್ಪು ಹುಡುಕಬೇಕೆಂದೇ ನಾನು ಬಟ್ಟೆ ಹಾಸಿ, ಅದರ ಮೇಲೆ ಎಡಗೈ ಇಟ್ಟೆ. ಅಂಗೈ ಹಿಂದಕ್ಕೆ ಜಾರಿತು. ಮತ್ತೆ ಬಾಗಿಲಿನಿಂದ ಎಳೆದು ನೋಡಿದೆ.

ಇದು ಗಿಡುಗದ ಹೆಗಲಲ್ಲ. ಚಕ್ರದ ಮೇಲೆ ಇಳಿಯಬೇಕಾದಲ್ಲಿ ಇಳಿಯದೆ, ದೀಪದ ಕಡೆಗೆ ಇನ್ನೊಂದು ಗೇಣು ಹೋಗಿ, ಅಲ್ಲಿ ಒಂದು ಕ್ಷಣ ತಡೆದು, ಆಮೇಲೆ ಸರಕ್ಕನೆ ಇಳಿಯುತ್ತದೆ. ಹಿಂಭಾಗದಲ್ಲಿ ಬೆರಳು ದಪ್ಪ ಪುಟ್ಟಿ ಏರಿಸಿದ್ದಾರೆ. ಮೂವತ್ತು ವರ್ಷ ಪಳಗಿದ ಕೈ ಹಾಗೆಲ್ಲ ತಪ್ಪುವುದಿಲ್ಲ. ಆ ಕೈ ಮೂರು ವರ್ಷದಿಂದ ದಿನಾ ಏನನ್ನು ಮಾಡುತ್ತಿತ್ತೋ ಅದನ್ನೇ ಇಲ್ಲೂ ಮಾಡಿಬಿಟ್ಟಿದೆ. ತಲೆಯಲ್ಲಿ ಸಿಟ್ಟು ತುಂಬಿತ್ತು, ಕೈ ತನ್ನ ಪಾಡಿಗೆ ತಾನು ಗುಟ್ಟು ಬಿಚ್ಚಿತ್ತು. ಹೊಸ ಗಿಡುಗದ ಹೆಗಲು ಡಾಕ್ಟರಮ್ಮನ ಹಳೆಯ ಕಾರಿನ ಮೇಲೆ ಬೆಳಕಿಗೆ ಬಂದಿತ್ತು. ಅಯ್ಯೋ, ಅದು ಎಷ್ಟು ಚೆನ್ನಾಗಿತ್ತು! ಹಳೆಯದನ್ನು ಪ್ರಾಣ ಅಂದುಕೊಂಡಿದ್ದ ನನಗೆ ಅದರ ಎದುರು ಹಳೆಯದು ಸಪ್ಪೆ ಅನಿಸಿತು.

ತಲೆ ಎತ್ತಿದರೆ ಫೋಟೋದವನು ರಸ್ತೆ ದಾಟುತ್ತಿದ್ದ. ಕ್ಯಾಮೆರಾ ಕೊರಳಲ್ಲೇ ಇತ್ತು. ಒಂದು ಸಲ ಕ್ಲಿಕ್ ಅಂದರೆ ಅಕ್ಕ ಬೀದಿಗೆ ಬೀಳುತ್ತಾಳೆ. ಒರಟು ಸ್ಯಾಂಡ್ ಪೇಪರು ಎಳೆದುಕೊಂಡು, ಜಜ್ಜಿದ ಹೆಬ್ಬೆರಳನ್ನೂ ಲೆಕ್ಕಿಸದೆ ಉಜ್ಜತೊಡಗಿದೆ. ಧೂಳು ಎದ್ದಿತು. ಕಣ್ಣಲ್ಲಿ ನೀರು ಬಂತು, ಅದು ಧೂಳಿಗಲ್ಲ.

ಭಾವ ಕೈ ಒರೆಸಿಕೊಳ್ಳುತ್ತಾ ಬಂದವರು ಬಾಗಿಲಲ್ಲೇ ನಿಂತರು. "ಯಾಕೋ? ಏನಾಯ್ತು?"

ಪಕ್ಕದಲ್ಲೇ ಫೋಟೋದವನು. ನಾನು ಏನು ಹೇಳಲಿ? ಶೆಡ್ಡು ಕಿತ್ತುಹೋಗುವ ಹಾಗೆ ಕೂಗಿದೆ: "ಏನಾಯ್ತಾ? ಬೆರಳು ದಪ್ಪ ಪುಟ್ಟಿ ಬಳಿದಿದೀರಲ್ಲ, ಗೋಡೆ ಕಟ್ಟೋಕೆ ಬಂದ್ರಾ? ಮೂವತ್ತು ವರ್ಷ ಕೆರೆದು ಕಲ್ತಿದ್ದು ಇದೇನಾ? ಹೋಗಿ ಭಾವ, ಮಣ್ಣಾಡಿಕೊಂಡಿರಿ. ನನ್ನ ಶೆಡ್ಡಿಗೆ ಇನ್ನು ಕಾಲಿಡಬೇಡಿ!"

ಫೋಟೋದವನು ಹಲ್ಲು ಕಿರಿದ. ಭಾವ ಉಜ್ಜಿದ ಜಾಗವನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು. ಮಡಚಿದ ತೋಳು ಬಿಚ್ಚಿಕೊಂಡು, ಗುಂಡಿ ಹಾಕಿಕೊಂಡು, ಹೊರಟುಹೋದರು.

ಸಂಜೆಯೇ ಅಕ್ಕನ ಫೋನು. "ನಿನಗೆ ಮನುಷ್ಯತ್ವ ಇದೆಯೇನೋ? ಹೊರಗಿನವರ ಮುಂದೆ ಇವರ ಮಾನ ತೆಗೆದ್ಯಲ್ಲ! ಊಟ ಬಿಟ್ಟು ಕೂತಿದಾರೆ. ನೀನು ಸತ್ತೆ ಅಂದ್ಕೋತೀನಿ, ಇಡು." ನಾನು ಇಟ್ಟೆ. ಅಕ್ಕನಿಗೆ ಹೇಳಿದರೆ ಅವರಿಗೆ ಹೇಳುತ್ತಾಳೆ. ಅವರಿಗೆ ಗೊತ್ತಾದರೆ ಆ ಪುಕ್ಕಲು ಮನುಷ್ಯ ತಾನೇ ಹೋಗಿ ದೊಡ್ಡವರ ಮುಂದೆ ತಪ್ಪೊಪ್ಪಿಕೊಂಡಾರು. ಅಂಥ ಸತ್ಯವಂತ. ಎಂಟು ತಿಂಗಳು ಬಾಯಿ ಮುಚ್ಚಿಕೊಂಡಿದ್ದೆ. ಬಾಯಿ ಮುಚ್ಚಿಕೊಂಡಿರುವುದು ಎಂಥ ನರಕ ಎಂದು ನನಗೆ ಗೊತ್ತಾದದ್ದು ಆಗಲೇ.

ಹೊಸ ಗಿಡುಗ ಬಿಡುಗಡೆಯಾಗುವ ದಿನ ಬಂತು. ಟಿವಿಯಲ್ಲಿ ತೋರಿಸುತ್ತಾರೆ ಎಂದು ಗೊತ್ತಿತ್ತು. ನಾಚಿಕೆ ಬಿಟ್ಟು ಅಕ್ಕನ ಮನೆಗೆ ಹೋದೆ. ಆ ಹೆಗಲನ್ನು ಜಗತ್ತು ನೋಡುವಾಗ ನಾನು ಭಾವನ ಪಕ್ಕದಲ್ಲಿರಬೇಕಿತ್ತು, ಎಲ್ಲ ಹೇಳಿಬಿಡಬೇಕಿತ್ತು. ಬಾಗಿಲು ತೆಗೆದ ಅಕ್ಕ ಮುಖ ತಿರುಗಿಸಿ ಅಡುಗೆಮನೆಗೆ ಹೋದಳು. ಭಾವ ಸೋಫಾದ ಒಂದು ತುದಿಗೆ ಸರಿದರು. ನಾನು ಇನ್ನೊಂದು ತುದಿಯಲ್ಲಿ ಕೂತೆ.

ವೇದಿಕೆಯ ಮೇಲೆ ಮುಸುಕು ಜಾರಿತು. ಕಾರು ಮೆಲ್ಲಗೆ ತಿರುಗಿತು. ಹಿಂದಿನ ಚಕ್ರದ ಮೇಲೆ ಚೂಪಾದ ಮಡಿಕೆ. ಡಬ್ಬ. ಫೋಟೋದವನ ಚಿತ್ರದಲ್ಲಿ ಇದ್ದದ್ದು ಅದೇ.

"ಎಲ್ಲಿ?" ಎಂದೆ, ನನಗೇ ತಿಳಿಯದಂತೆ. "ಹೆಗಲು ಎಲ್ಲಿ ಭಾವ? ನಿಮ್ಮದು?"

ಭಾವ ಸರಕ್ಕನೆ ನನ್ನ ಕಡೆ ತಿರುಗಿದರು. "ನನ್ನದು ನಿನಗೆ ಹೇಗೋ ಗೊತ್ತು?"

ಹೇಳಿದೆ. ಪುಟ್ಟಿ, ಎಡಗೈ, ಕ್ಯಾಮೆರಾ, ಸ್ಯಾಂಡ್ ಪೇಪರು, ಎಲ್ಲ. ಕೇಳುತ್ತಾ ಕೇಳುತ್ತಾ ಅವರು ತಮ್ಮ ಅಂಗೈ ತಿರುಗಿಸಿ, ಅದು ಬೇರೆ ಯಾರದೋ ಎಂಬಂತೆ ನೋಡಿಕೊಂಡರು.

"ಅವತ್ತು ನಿನ್ನ ಶೆಡ್ಡಲ್ಲಿ ನಾನು ಹಳೇ ಹೆಗಲನ್ನೇ ಮಾಡಿದೆ ಅಂದ್ಕೊಂಡಿದ್ದೆ" ಎಂದರು. "ಹೊಸದನ್ನ ಮಣ್ಣಿನ ಕೆಲಸದ ಕೊನೇ ತಿಂಗಳಲ್ಲಿ ಮೇಲಿನವರು ಬೇಡ ಅಂದ್ರು. ಚೂಪು ಇರ್ಲಿ, ಈಗಿನವರಿಗೆ ಅದೇ ಇಷ್ಟ ಅಂದ್ರು. ನನ್ನ ಕೈಯಲ್ಲೇ ಕೆರೆಸಿ ತೆಗೆಸಿದ್ರು. ಆ ಮಣ್ಣನ್ನೇ ಕರಗಿಸಿ ಇದನ್ನ ಮಾಡಿದ್ವಿ."

"ಅಂದ್ರೆ ಆ ಹೆಗಲು..."

"ಆ ಕೋಣೆ ಬಿಟ್ಟು ಹೊರಗೆ ಇದ್ದದ್ದು ನಿನ್ನ ಶೆಡ್ಡಲ್ಲಿ ಮಾತ್ರ."

ಅದನ್ನು ಉಜ್ಜಿ ಧೂಳು ಮಾಡಿ ಗುಡಿಸಿ ಹಾಕಿದವನು ನಾನು.

"ಹೇಗಿತ್ತೋ?" ಎಂದು ಕೇಳಿದರು ಭಾವ.

"ಅಷ್ಟು ಚಂದದ್ದನ್ನ ನಾನು ಮುಟ್ಟಿಲ್ಲ ಭಾವ. ಉಜ್ಜೋವಾಗ ಅತ್ತುಬಿಟ್ಟೆ."

"ತೋರ್ಸು."

ನಾನು ಎಡಗೈ ಎತ್ತಿ, ಗಾಳಿಯಲ್ಲೇ ಬಾಗಿಲಿನಿಂದ ಹಿಂದಕ್ಕೆ ಒಯ್ದೆ. ಭಾವ ತಮ್ಮ ಕೈಯನ್ನು ನನ್ನ ಕೈ ಕೆಳಗೆ ಇಟ್ಟುಕೊಂಡು ಜೊತೆಗೇ ಬಂದರು. "ಅಲ್ಲಿ ಇನ್ನೊಂದು ಚೂರು ಮೇಲೆ... ಹಾಂ, ತಡಿ, ಇನ್ನೂ ಇಳೀಬೇಡ" ಎನ್ನುತ್ತಿದ್ದವರು ನಡುವೆಯೇ ನಿಂತರು.

"ನಾಲ್ಕನೇದು ಇತ್ತು ಕಣೋ."

"ಯಾವ ನಾಲ್ಕನೇದು?"

"ಅವತ್ತು ಬಾಗಿಲಲ್ಲಿ, ಹಿಡಿಕೆ ಕೆಳಗೆ. ನನ್ನ ಕೈಗೂ ಸಿಕ್ಕಿತ್ತು. ಅವರಿಗೆ ಬೇಕಾಗಿದ್ದು ಮೂರು ಅಂತ ಅವರ ದನಿಯಲ್ಲೇ ಗೊತ್ತಾಯ್ತು. ಮೂರು ಅಂದೆ. ನಿನ್ನ ನೋಡಿ ಅವರು ನಗ್ತಿದ್ದಾಗಲೂ ಸುಮ್ಮನಿದ್ದೆ."

ಸಿಟ್ಟು ನೆತ್ತಿಗೇರಿತು. ಮೂವತ್ತೆರಡು ವರ್ಷ! ಎದ್ದು ಕಪಾಳಕ್ಕೆ ಬಿಗಿಯಬೇಕು ಅನಿಸಿತು. ಅಡುಗೆಮನೆಯ ಬಾಗಿಲಲ್ಲಿ ಅಕ್ಕ ಎರಡು ಲೋಟ ಹಿಡಿದು ನಿಂತಿದ್ದಳು. ಟಿವಿಯಲ್ಲಿ ಆ ದರಿದ್ರ ಡಬ್ಬ ಇನ್ನೂ ತಿರುಗುತ್ತಿತ್ತು. ನನ್ನ ಕೈ ಗಾಳಿಯಲ್ಲೇ ಇತ್ತು, ಅದರ ಕೆಳಗೆ ಅವನದು. ತೆಗೆದರೆ ಆ ಹೆಗಲು ಮತ್ತೆ ಸಿಗುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

"ಲೇ," ಎಂದೆ, "ಮೊದಲು ಇದನ್ನ ದೀಪದ ತನಕ ಮುಗಿಸು. ಆಮೇಲೆ ನಿನ್ನ ವಿಚಾರಿಸ್ಕೋತೀನಿ."