ಹಲಸು ಮುಗಿದರೂ ನಿಲ್ಲದ ರಾತ್ರಿ ಹಾಲು

ಎರಡು ವರ್ಷದ ಹಿಂದಿನ ಮಾತು. ನನ್ನ ಮಗನಿಗೆ ಆಗ ಹತ್ತು ತಿಂಗಳು. ತಿತಿಮತಿ ಹತ್ತಿರ ಕಾಡಂಚಿನ ಕಾಫಿ ಎಸ್ಟೇಟಿನಲ್ಲಿ ನಮ್ಮ ಯಜಮಾನರು ರೈಟರ್, ಅಂದರೆ ಆಳುಗಳ ಕೆಲಸ ನೋಡಿಕೊಳ್ಳುವವರು. ಎಸ್ಟೇಟಿನ ಮನೆಯಲ್ಲಿ ನಾವಿಬ್ಬರು, ಅತ್ತೆ, ಮಗು. ಇಷ್ಟೇ ಜನ.

ಮಗ ರಾತ್ರಿ ಐದು ಸಲ ಎದ್ದು ಹಾಲು ಕೇಳುತ್ತಿದ್ದ. ಬಣ್ಣ ಕಟ್ಟಿ ಹೇಳುತ್ತಿಲ್ಲ, ಐದು ಸಲ. ಅವನು ಕುಂಯ್ ಎಂದ ಕೂಡಲೇ ಎದೆಗೆ ಹಾಕಿಕೊಳ್ಳಬೇಕು. ತಡವಾದರೆ ಪಕ್ಕದ ಕೋಣೆಯಿಂದ ಅತ್ತೆ, "ಬಾಯಿಗೆ ಕೊಡವ್ವಾ, ಅಳ್ಸಬ್ಯಾಡ" ಅನ್ನುತ್ತಿದ್ದರು. ಹಗಲು ನನಗೆ ಮೈಮೇಲೆ ಎಚ್ಚರವೇ ಇರುತ್ತಿರಲಿಲ್ಲ. ಸಾರಿಗೆ ಎರಡೆರಡು ಸಲ ಉಪ್ಪು ಬೀಳುತ್ತಿತ್ತು.

ಒಂದು ಬೆಳಿಗ್ಗೆ ಬಚ್ಚಲುಮನೆ ಬಾಗಿಲಲ್ಲಿ ಕೂತು ಅವನಿಗೆ ರಾಗಿ ಸರಿ ತಿನ್ನಿಸುತ್ತಿದ್ದೆ. ಒಳಗೆ ಹಂಡೆ ಕಾಯುತ್ತಿತ್ತು. ಕೂತಲ್ಲೇ ಕಣ್ಣು ಹತ್ತಿಬಿಟ್ಟಿತು. ಅತ್ತೆ ಕಿರುಚಿದ್ದಕ್ಕೆ ಬೆಚ್ಚಿ ಎದ್ದರೆ, ಮಗು ಅವರ ಕಂಕುಳಲ್ಲಿತ್ತು. ಅಂಬೆಗಾಲಿಟ್ಟುಕೊಂಡು ಹೋಗಿ ಒಲೆಯ ಕೆಂಡಕ್ಕೆ ಕೈ ಚಾಚಿದ್ದನಂತೆ. ಒಂದು ಗೇಣು ದೂರ, ಅಷ್ಟೇ. ಅತ್ತೆ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಹೀಗೇ ಆದರೆ ನನ್ನ ಕೈಯಲ್ಲಿ ಈ ಮಗು ಉಳಿಯುವುದಿಲ್ಲ ಎಂದು ಅವತ್ತು ನಿಜಕ್ಕೂ ಹೆದರಿದೆ.

ಆ ವಾರವೇ ಆರೋಗ್ಯ ಕೇಂದ್ರದ ಸಿಸ್ಟರ್ ಮಗುವಿನ ತೂಕ ನೋಡಲು ಬಂದರು.

"ಗುಂಡುಗುಂಡಾಗವ್ನೆ ಕಣಮ್ಮ. ಹಗಲು ಹೆಂಗೆ ತಿಂತಾನೆ?"

"ಎರಡು ತುತ್ತು ಸಿಸ್ಟರ್. ಆಮೇಲೆ ಮುಖ ತಿರುಗಿಸ್ತಾನೆ."

"ರಾತ್ರಿಯೆಲ್ಲ ಹೊಟ್ಟೆ ತುಂಬಿಸ್ಕೊಂಡೋನು ಹಗಲು ಯಾಕೆ ತಿಂತಾನೆ? ಅವನು ಕುಂಯ್ ಅಂದ ತಕ್ಷಣ ಕೊಡ್ಬೇಕಾ? ಒಂದು ನಿಮಿಷ ನೋಡ್ಬಾರ್ದಾ?"

ಅತ್ತೆ ನಡುವೆ ಬಾಯಿ ಹಾಕಿದರು. "ಅದೆಂಗಾಯ್ತದೆ ಸಿಸ್ಟರ್? ಆನೆ ಬತ್ತದಲ್ಲ!"

ಅದೂ ಸುಳ್ಳಲ್ಲ. ಹಲಸಿನ ಕಾಲದಲ್ಲಿ ಆನೆಗಳು ಹಣ್ಣಿಗಾಗಿ ಮನೆ ಹಿಂದಿನ ಹಲಸಿನ ಮರದ ಬುಡಕ್ಕೇ ಬಂದು ನಿಲ್ಲುತ್ತಿದ್ದವು. ನಾವು ದೀಪ ಆರಿಸಿ ಉಸಿರು ಬಿಗಿಹಿಡಿದು ಕೂರುತ್ತಿದ್ದೆವು. ಮಗು ಸದ್ದು ಮಾಡಬಾರದೆಂದು ನಾನು ಎದೆಗೆ ಹಚ್ಚಿಕೊಂಡೇ ಇರುತ್ತಿದ್ದೆ.

"ಈಗ್ಲೂ ಬರ್ತಾವಾ?" ಎಂದರು ಸಿಸ್ಟರ್.

ಅತ್ತೆ ಸೊಸೆ ಮುಖ ಮುಖ ನೋಡಿಕೊಂಡೆವು. ಹಲಸು ಮುಗಿದು ಎರಡು ತಿಂಗಳಾಗಿತ್ತು. ಆನೆ ಈ ಕಡೆ ತಲೆ ಹಾಕಿರಲಿಲ್ಲ. ನಾವು ಮಾತ್ರ ಮಗುವಿನ ಬಾಯಿ ಮುಚ್ಚಿಸುತ್ತಲೇ ಇದ್ದೆವು. "ಅಯ್ಯೋ ಶಿವನೇ!" ಎಂದು ಅತ್ತೆ ಗಲ್ಲಕ್ಕೆ ಕೈ ಹಚ್ಚಿದರು.

ಸಿಸ್ಟರ್ ಹೇಳಿದ್ದು ಇಷ್ಟೇ. ಹಗಲು ಚೆನ್ನಾಗಿ ತಿನ್ನಿಸಬೇಕು. ಮಲಗುವ ಮುಂಚೆ ಹೊಟ್ಟೆ ತುಂಬ ಹಾಲು ಕೊಡಬೇಕು. ನಡುವೆ ಎದ್ದರೆ ಅಪ್ಪ ತಟ್ಟಿ ಮಲಗಿಸಲಿ, ತಾಯಿ ಹತ್ತಿರ ಮಲಗುವುದು ಬೇಡ, ವಾಸನೆ ಸಿಕ್ಕರೆ ಹಾಲು ಕೇಳುತ್ತಾನೆ. ಜ್ವರಗಿರ ಬಂದರೆ ಮಾತ್ರ ಇದನ್ನೆಲ್ಲ ಬಿಟ್ಟು ಹಾಲು ಕೊಡಬೇಕು.

ಮೊದಲ ರಾತ್ರಿ ನಾನು ಅತ್ತೆಯ ಕೋಣೆಯಲ್ಲಿ ಮಲಗಿದೆ. ಆ ಕಡೆ ನಮ್ಮವರು ಅವನನ್ನು ಹೆಗಲ ಮೇಲೆ ಹಾಕಿಕೊಂಡು ತಿರುಗುತ್ತಿದ್ದರು. ಅವನ ಅಳು ಮುಗಿಯಲೇ ಇಲ್ಲ. ಎದ್ದು ಹೊರಟವಳ ಕೈಯನ್ನು ಅತ್ತೆ ಹಿಡಿದುಕೊಂಡರು. "ವಸಿ ತಡಿ ಮಗಾ, ಅಪ್ಪ ಅವ್ನೆ." ಹಾಗೆಂದವರು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು.

ಮೂರನೆಯ ರಾತ್ರಿ ಅಳು ಅರ್ಧಕ್ಕಿಳಿಯಿತು. ಆರನೆಯ ರಾತ್ರಿ ಅವನು ಏಳಲೇ ಇಲ್ಲ. ನಾನೇ ಎದ್ದೆ. ಎದೆ ಬಿಗಿದು ರವಿಕೆ ಒದ್ದೆಯಾಗಿತ್ತು. ಹೋಗಿ ನೋಡಿದರೆ ಅಪ್ಪನ ಕೈ ಕೆಳಗೆ ಮಗ ಬಾಯಿ ತೆರೆದುಕೊಂಡು ನಿದ್ದೆ ಮಾಡುತ್ತಿದ್ದ. ಖುಷಿಯಾಯಿತು. ನಾನು ಬೇಡವಾದೆನೇ ಎಂದು ಸಂಕಟವೂ ಆಯಿತು. ಎಬ್ಬಿಸದೆ ವಾಪಸು ಬಂದು ಮಲಗಿದೆ. ಬೆಳಿಗ್ಗೆ ಅವನು ರಾಗಿ ಸರಿಯ ಬಟ್ಟಲನ್ನು ಖಾಲಿ ಮಾಡಿದ. ನಾನು ನೆಟ್ಟಗೆ ಎಚ್ಚರವಾಗಿ ಕೂತು ತಿನ್ನಿಸಿದೆ.

ಈಗ ಅವನಿಗೆ ಮಾತು ಬಂದಿದೆ. ಅತ್ತರೆ ಸುಮ್ಮನಿರು ಅನ್ನುವುದನ್ನು ಬಿಟ್ಟಿದ್ದೇನೆ. ಪಕ್ಕದಲ್ಲಿ ಕೂತು, ಯಾಕಪ್ಪಾ ಎಂದು ಕೇಳುತ್ತೇನೆ. ಹೇಳುತ್ತಾನೆ.