ಬೆಟ್ಟದ ಮೇಲಿನ ಗುಡಾಣಗಳು

ಅಮ್ಮ ಫುಕುವೋಕಾಕ್ಕೆ ಬಂದಿದ್ದ ವರ್ಷ ಕಲಿತ ಜಪಾನಿ ಪದ ಒಂದೇ, ಸುಮಿಮಾಸೆನ್, ಅಂದರೆ ಕ್ಷಮಿಸಿ. ಮೂಲೆಯ ಕೊಂಬಿನಿ ಅಂಗಡಿಯಲ್ಲಿ ಹಾಲು ಕೊಳ್ಳುವಾಗಲೂ ಅದೇ, ಬಸ್ಸಿನಲ್ಲಿ ಸೀಟು ಹಿಡಿಯುವಾಗಲೂ ಅದೇ. ಅಷ್ಟೇ ಬಂಡವಾಳದಲ್ಲಿ ನಮ್ಮ ಬಾಡಿಗೆ ಮನೆಯ ಒಡತಿ ಅಜ್ಜಿಯ ಸ್ನೇಹ ಸಂಪಾದಿಸಿಬಿಟ್ಟಳು. ಹಿತ್ತಲಲ್ಲಿ ಕೂತು ಮೂಲಂಗಿ ಹೆಚ್ಚುತ್ತ, ಇವಳು ಕನ್ನಡದಲ್ಲಿ, ಅವರು ಜಪಾನಿಯಲ್ಲಿ, ಗಂಟೆಗಟ್ಟಲೆ ಹರಟುತ್ತಿದ್ದರು. ನಾನು ಆಫೀಸಿನಿಂದ ಬಂದು ಅನುವಾದಕ್ಕೆ ಕೂತರೆ ಇಬ್ಬರಿಗೂ ಕಿರಿಕಿರಿ. ಆ ಸಂಜೆಗಳನ್ನು ನೆನೆದರೆ ಈಗಲೂ ನಗು ಬರುತ್ತದೆ.

ಒಂದು ಭಾನುವಾರ ಅಜ್ಜಿ ನಮ್ಮನ್ನು ಊರಾಚೆ ಬೆಟ್ಟದ ಮೇಲಿರುವ ರಾಷ್ಟ್ರೀಯ ಮ್ಯೂಸಿಯಂಗೆ ಕರೆದುಕೊಂಡು ಹೋದರು. ದಾರಿಯುದ್ದಕ್ಕೂ ಅದರದೇ ಕಥೆ. ಅವರು ಸೊಸೆಯಾಗಿ ಬಂದ ಹೊಸತರಲ್ಲಿ ಈ ಕಡೆ ಎಲ್ಲಿ ಪಾಯ ತೋಡಿದರೂ ಹಳೇ ಕಾಲದ ಮಡಕೆ, ಕಂಚಿನ ಕನ್ನಡಿ ಸಿಗುತ್ತಿದ್ದವಂತೆ. ಒಳ್ಳೊಳ್ಳೆಯದೆಲ್ಲ ರೈಲು ಹತ್ತಿ ಟೋಕಿಯೋಗೆ. ನಮ್ಮ ನೆಲದ್ದು ನಮ್ಮಲ್ಲೇ ಇರಲಿ, ಇಲ್ಲೂ ಒಂದು ಮ್ಯೂಸಿಯಂ ಕಟ್ಟಿಸಿ ಎಂದು ಅವರ ಮಾವನ ಕಾಲದಿಂದಲೂ ಊರವರು ಸರ್ಕಾರಕ್ಕೆ ದುಂಬಾಲು ಬಿದ್ದಿದ್ದರು. ಅಜ್ಜಿಯೂ ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ಮನೆಮನೆಗೆ ಹೋಗಿ ಸಹಿ ಕೇಳಿದವರೇ. ಕೊನೆಗೂ ಮ್ಯೂಸಿಯಂ ಬಾಗಿಲು ತೆರೆಯುವ ಹೊತ್ತಿಗೆ ಅವರ ತಲೆ ಪೂರ್ತಿ ನೆರೆತಿತ್ತು.

ಒಳಗೆ ಗಾಜಿನ ಹಿಂದೆ ಎರಡು ಮಣ್ಣಿನ ಗುಡಾಣಗಳನ್ನು ಬಾಯಿಗೆ ಬಾಯಿ ಸೇರಿಸಿ ಮಲಗಿಸಿದ್ದರು. ಅಮ್ಮನ ಮುಖ ಅರಳಿತು.

"ನೋಡೇ, ನಮ್ಮ ರಾಗಿ ಗುಡಾಣ! ಇಲಿ ನುಗ್ಬಾರ್ದು ಅಂತ ಬಾಯಿಗೆ ಬಾಯಿ ಕೂಡ್ಸಿದಾರೆ. ಎಷ್ಟು ಬುದ್ಧಿವಂತ್ರು! ನಮ್ಮತ್ತೆಗೆ ಇದು ಹೊಳೀಲೇ ಇಲ್ಲ."

ಸತ್ತ ಅತ್ತೆಯನ್ನು ಇವಳು ಜಪಾನಿನಲ್ಲೂ ಬಿಡುವುದಿಲ್ಲವಲ್ಲ ಎಂದುಕೊಂಡು ನಗುತ್ತಲೇ ಅಮ್ಮನ ಮಾತನ್ನು ಅಜ್ಜಿಗೆ ಹೇಳಿದೆ. ಅವರು ನಗಲಿಲ್ಲ. ಗಾಜಿನ ಮುಂದೆ ಸೊಂಟ ಬಗ್ಗಿಸಿ ನಮಸ್ಕರಿಸಿದರು.

"ಇದರಲ್ಲಿ ಕಾಳು ಇಡುತ್ತಿರಲಿಲ್ಲ. ತೀರಿಕೊಂಡ ಮಕ್ಕಳನ್ನು ಮಲಗಿಸುತ್ತಿದ್ದರು. ನಮ್ಮ ತೋಟದಲ್ಲೂ ಇಂಥದ್ದೊಂದು ಸಿಕ್ಕಿತ್ತು. ಅಷ್ಟು ದೂರ ಕಳಿಸಿದರೆ ಆ ಮಗುವನ್ನು ಯಾರು ಮಾತಾಡಿಸುತ್ತಾರೆ? ಅದಕ್ಕೇ ನಾನು ಸಹಿ ಕೇಳಲು ಹೊರಟಿದ್ದು."

ನಾನು ಅದನ್ನು ಕನ್ನಡದಲ್ಲಿ ಹೇಳಿ ಮುಗಿಸುವಷ್ಟರಲ್ಲಿ ಅಮ್ಮ ಪಕ್ಕದ ಬೆಂಚಿನ ಮೇಲೆ ಕೂತುಬಿಟ್ಟಿದ್ದಳು. ನನಗಿಂತ ಮುಂಚೆ ಅವಳಿಗೊಂದು ಹೆಣ್ಣು ಹುಟ್ಟಿ ಹೋಗಿತ್ತೆಂದು ದೊಡ್ಡಮ್ಮನ ಬಾಯಿಂದ ಎಂದೋ ಕೇಳಿದ್ದೆ. ಹಲ್ಲು ಬಾರದ ಕೂಸನ್ನು ನಮ್ಮಲ್ಲಿ ಸುಡುವುದಿಲ್ಲ, ಹೂಳುತ್ತಾರೆ. ತಾಯಿಯನ್ನು ಕರೆದೊಯ್ಯುವುದಿಲ್ಲ, ಗುರುತಿಗೆ ಒಂದು ಕಲ್ಲನ್ನೂ ನೆಡುವುದಿಲ್ಲ. ಅಮ್ಮ ಆ ಮಾತನ್ನು ನನ್ನೆದುರು ಒಮ್ಮೆಯೂ ಎತ್ತಿದವಳಲ್ಲ.

"ಊರಾಚೆ ಹೊಲದ ಕಡೆ ಅಂದ್ರು, ಅಷ್ಟೇ," ಎಂದಳು. "ಎಲ್ಲಿ ಅಂತ ಯಾರೂ ತೋರಿಸ್ಲಿಲ್ಲ ಕಣೇ. ಈಗ ಅಲ್ಲೆಲ್ಲ ಲೇಔಟು. ಇವ್ರಿಗೆ ನೋಡು, ಬಂದು ನಿಂತ್ಕೊಳೋಕಾದ್ರೂ ಒಂದು ಜಾಗ ಇದೆ."

ಅಜ್ಜಿಗೆ ವಿಷಯ ತಿಳಿಸಿದೆ. ಅವರು ಅಮ್ಮನ ಕೈಹಿಡಿದು ಎಬ್ಬಿಸಿ ಗಾಜಿನ ಮುಂದೆ ತಮ್ಮ ಪಕ್ಕದಲ್ಲೇ ನಿಲ್ಲಿಸಿಕೊಂಡರು. ಅಮ್ಮ ಅವರನ್ನು ನೋಡಿ ನೋಡಿ ಹಾಗೆಯೇ ಸೊಂಟ ಬಗ್ಗಿಸಿದಳು. ಮತ್ತೆ ಮೇಲೇಳಲು ತುಂಬಾ ಹೊತ್ತು ಹಿಡಿಯಿತು.

ಅಜ್ಜಿ ಈಗಿಲ್ಲ. ಹಿತ್ತಲ ಮೂಲಂಗಿ ಮಡಿಯೂ ಪಾರ್ಕಿಂಗ್ ಆಗಿದೆ. ಅಮ್ಮ ಮೈಸೂರಿನಲ್ಲಿ ನನ್ನ ತಂಗಿಯ ಜೊತೆ ಆರಾಮಾಗಿದ್ದಾಳೆ. ನಾನು ಮಾತ್ರ ಆಗಾಗ ಬೆಟ್ಟ ಹತ್ತಿ ಹೋಗಿ ಬರುತ್ತೇನೆ. ಸಂಜೆ ಫೋನಿನಲ್ಲಿ ಹೇಳಿದರೆ ಅಮ್ಮ ಅಲ್ಲಿ ಏನು ನೋಡಿದೆ ಎಂದು ಕೇಳುವುದಿಲ್ಲ.

"ನಿಮ್ಮಕ್ಕನ್ನ ಮಾತಾಡಿಸ್ಕೊಂಡು ಬಂದ್ಯಾ?" ಎನ್ನುತ್ತಾಳೆ.